ಮಳೆಗಾಲದ ಭೇಟಿ ಮತ್ತು ಬಾಯಿಮಾತು: ಸಾಗರ ಸೀಮೆಯ ಸಣ್ಣ ಗುತ್ತಿಗೆದಾರರೊಬ್ಬರ ಪ್ರಕರಣ

ಹಿನ್ನೆಲೆ

ಈ ಪ್ರಕರಣ ಶಿವಮೊಗ್ಗ ಜಿಲ್ಲೆಯ ಸಾಗರ ಮತ್ತು ಹೊಸನಗರ ತಾಲ್ಲೂಕುಗಳು ಕೂಡುವ ಭಾಗಕ್ಕೆ ಸೇರಿದ್ದು. ಸಂಬಂಧಪಟ್ಟ ಗುತ್ತಿಗೆದಾರರ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ. ಊರು, ಮನೆತನ ಮತ್ತು ವ್ಯಕ್ತಿಗಳ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಲೆಕ್ಕದ ಪುಸ್ತಕವನ್ನೂ, ಮನೆಗೊಂದು ಪುಟದಂತೆ ಅವರು ಬರೆದಿಟ್ಟುಕೊಂಡ ನೋಟ್‌ಬುಕ್ಕುಗಳನ್ನೂ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಇಲ್ಲಿ ಹೇಳುವ ಬಹುತೇಕ ಸಂಗತಿಗಳಿಗೆ ಆ ನೋಟ್‌ಬುಕ್ಕುಗಳೇ ಆಧಾರ.

ಗುತ್ತಿಗೆದಾರರು ಸಿವಿಲ್ ಡಿಪ್ಲೊಮಾ ಓದಿದವರು. ಶಿವಮೊಗ್ಗದಲ್ಲಿ ಸರ್ಕಾರಿ ಕಟ್ಟಡಗಳ ಕಾಮಗಾರಿ ಹಿಡಿಯುತ್ತಿದ್ದ ಒಬ್ಬರ ಬಳಿ ಕೆಲವು ವರ್ಷ ಮೇಲ್ವಿಚಾರಕರಾಗಿದ್ದು, ತಂದೆಯ ಆರೋಗ್ಯ ಮತ್ತು ಒಂದು ಎಕರೆಗಿಂತ ಕಡಿಮೆ ಅಡಿಕೆ ತೋಟದ ಕಾರಣಕ್ಕೆ ಊರಿಗೆ ಮರಳಿದರು. ಇಬ್ಬರು ಗಾರೆಯವರು, ಒಬ್ಬ ಬಡಗಿ, ನಾಲ್ಕೈದು ಮಂದಿ ಕೂಲಿಯವರನ್ನು ಕಟ್ಟಿಕೊಂಡು ಸ್ವಂತ ಕೆಲಸ ಆರಂಭಿಸಿದರು. ಹೊಸ ಮನೆ ಕಟ್ಟಿಸುವವರು ಆ ಭಾಗದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜನ. ಹೆಚ್ಚಿನ ಕೆಲಸವೆಲ್ಲ ಹಳೆಯ ಮನೆಗಳ ದುರಸ್ತಿ: ಹೆಂಚಿನ ಚಾವಣಿ, ಗೆದ್ದಲು ಹಿಡಿದ ಪಕಾಸಿ (ಚಾವಣಿಯ ಇಳಿಜಾರಿನುದ್ದಕ್ಕೂ ಹಾಕುವ ಮರ) ಮತ್ತು ರೀಪು (ಅದರ ಮೇಲೆ ಹೆಂಚು ಕೂರಿಸುವ ಅಡ್ಡಪಟ್ಟಿ), ಅಂಗಳಕ್ಕೆ ಶೀಟು, ಕೊಟ್ಟಿಗೆ, ಬಚ್ಚಲು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ನಿಧಾನವಾಗಿ ಘಟ್ಟ ಹತ್ತಿತು. ಸೋಗೆ ಮತ್ತು ನಾಡಹೆಂಚು ಹೊದ್ದಿದ್ದ ಮನೆಗಳು ಒಂದೊಂದಾಗಿ ಮಂಗಳೂರು ಹೆಂಚಿಗೆ ಬದಲಾದವು. ಅಂಥ ಮನೆಗಳಲ್ಲಿ ಹಲವು ಈಗ ಮುಪ್ಪಿನವು. ಮಂಗಗಳ ಹಾವಳಿ ಬೇರೆ. ಹೀಗಾಗಿ ಕೆಲಸಕ್ಕೆ ಬರವಿರಲಿಲ್ಲ, ಆದರೆ ಆ ಕೆಲಸ ಇವರಿಗೆ ಬರುತ್ತಿರಲಿಲ್ಲ.

ಸಮಸ್ಯೆ

ಮೊದಲ ಎರಡು ವರ್ಷ ಅವರು ಪೇಟೆಯಲ್ಲಿ ನೋಡಿದ್ದ ದಾರಿಯನ್ನೇ ಹಿಡಿದರು. ಬಸ್ ನಿಲ್ದಾಣದ ಹತ್ತಿರ ಬೋರ್ಡು ಹಾಕಿಸಿದರು, ದಿನಪತ್ರಿಕೆಯ ಒಳಗಿಟ್ಟು ಕರಪತ್ರ ಹಂಚಿಸಿದರು, ಗಿರಾಕಿಯನ್ನು ಕಳಿಸಿಕೊಟ್ಟರೆ ಇಷ್ಟು ಎಂದು ಹಾರ್ಡ್‌ವೇರ್ ಅಂಗಡಿಗಳ ಜೊತೆ ಮಾತಾಡಿಕೊಂಡರು. ಫೋನು ಬರುತ್ತಿತ್ತು. ಫೋನು ಮಾಡಿದವರ ಮೊದಲ ಪ್ರಶ್ನೆ ಚದರ ಅಡಿಗೆ ಎಷ್ಟು ಎಂಬುದು, ಎರಡನೆಯದು ಇನ್ನೊಬ್ಬ ಮೇಸ್ತ್ರಿ ಇಷ್ಟಕ್ಕೇ ಮಾಡುತ್ತಾನಲ್ಲ ಎಂಬುದು. ಹೀಗೆ ದರದ ಮೇಲೆ ಸಿಕ್ಕ ಕೆಲಸಗಳಲ್ಲಿ ಕೂಲಿ ಬಟವಾಡೆ ಮಾಡಿ ಉಳಿಯುತ್ತಿದ್ದುದು ಅಷ್ಟಕ್ಕಷ್ಟೇ, ಮತ್ತು ಆ ಮನೆಗಳಿಂದ ಮುಂದಿನ ಮನೆಗೆ ದಾರಿಯೂ ತೆರೆಯುತ್ತಿರಲಿಲ್ಲ.

ಇದಕ್ಕೆ ಕಾರಣ ಹುಡುಕುವಾಗ ಮಲೆನಾಡಿನ ಕಾಲಮಾನವನ್ನು ಗಮನಿಸಬೇಕು. ಚಾವಣಿಯ ಕೆಲಸ ನಡೆಯುವುದು ದೀಪಾವಳಿ ಕಳೆದ ಮೇಲಿಂದ ಮೇ ತಿಂಗಳೊಳಗೆ. ಅದು ಚೆನ್ನಾಗಿ ಆಗಿದೆಯೋ ಇಲ್ಲವೋ ತಿಳಿಯುವುದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹಿಡಿದು ಹೊಡೆದಾಗ. ಮನೆಯವರು ಆ ಬಗ್ಗೆ ನಾಲ್ಕು ಜನರಲ್ಲಿ ಮಾತಾಡುವುದು ಇನ್ನೂ ತಡವಾಗಿ, ಅಡಿಕೆ ಕೊಯ್ಲು ಶುರುವಾಗಿ ಸುಲಿಯುವುದಕ್ಕೂ ಬೇಯಿಸುವುದಕ್ಕೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿಬರುವ ನವೆಂಬರ್, ಡಿಸೆಂಬರ್‌ನಲ್ಲಿ. ಅಂದರೆ ಮಾರ್ಚಿಯಲ್ಲಿ ಮಾಡಿದ ಒಳ್ಳೆಯ ಕೆಲಸ ಹೊಸ ಕೆಲಸವಾಗಿ ಮರಳಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಈ ಒಂದು ವರ್ಷದ ಅಂತರವನ್ನು ಅರ್ಥ ಮಾಡಿಕೊಳ್ಳದೆ ಆರನೆಯ ತಿಂಗಳಿಗೇ ಕೈಚೆಲ್ಲಿದ ಹೊಸ ಗುತ್ತಿಗೆದಾರರನ್ನು ನಾನು ಹಲವರನ್ನು ನೋಡಿದ್ದೇನೆ.

ಮಾಡಿ ನೋಡಿದ ಕ್ರಮಗಳು

ಮೂರನೆಯ ಮಳೆಗಾಲದಲ್ಲಿ ಒಂದು ಮನೆಯಿಂದ ಕರೆ ಬಂತು. ಮಕ್ಕಳೆಲ್ಲ ಬೆಂಗಳೂರಿನಲ್ಲಿರುವ, ವಯಸ್ಸಾದ ದಂಪತಿ ಮಾತ್ರ ಇರುವ ದೊಡ್ಡ ಮನೆ ಅದು. ದೇವರ ಕೋಣೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಈ ಮೊದಲು ಬಂದ ಮೇಸ್ತ್ರಿಗಳು ಬೇಸಿಗೆಯಲ್ಲಿ ಹತ್ತಿ, ತೊಟ್ಟಿಕ್ಕುವ ಜಾಗದ ನೇರ ಮೇಲಿನ ಹೆಂಚುಗಳನ್ನು ಬದಲಿಸಿ ಹೋಗಿದ್ದರು. ಮಳೆ ಬಂದಾಗ ಮತ್ತೆ ಅದೇ ಕತೆ. ಇಡೀ ಚಾವಣಿ ಬಿಚ್ಚಿ ಶೀಟು ಹಾಕಿಸುವುದೇ ಸೈ ಎಂದು ಮನೆಯವರು ಮನಸ್ಸು ಮಾಡಿಕೊಂಡಿದ್ದರು.

ಗುತ್ತಿಗೆದಾರರು ಮಳೆ ಸುರಿಯುತ್ತಿರುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿದರು. ಹೆಂಚಿನ ಅಡಿಯಲ್ಲಿ, ಹೊಗೆ ಹಿಡಿದು ಕಪ್ಪಾದ ಪಕಾಸಿಯೊಂದರ ಕೆಳಮೈಗೆ ಅಂಟಿಕೊಂಡಂತೆ ನೀರಿನ ಸಣ್ಣ ಗೆರೆಯೊಂದು ಇಳಿಯುತ್ತಿತ್ತು. ಅದರ ಜಾಡು ಹಿಡಿದು ಮೇಲಕ್ಕೆ ಹೋದರೆ, ಎರಡು ಚಾವಣಿಗಳು ಸೇರುವ ಮೂಲೆಯಲ್ಲಿ ನೀರು ಹರಿದುಹೋಗಲು ಹಾಕಿದ ತಗಡಿನ ದೋಣಿ ಸಿಕ್ಕಿತು. ತರಗೆಲೆ ಕೊಳೆತು ಕಟ್ಟಿಕೊಂಡ ಜಾಗದಲ್ಲಿ ತಗಡು ತುಕ್ಕು ಹಿಡಿದು ತೂತಾಗಿತ್ತು. ಅಲ್ಲಿ ಒಳಬಂದ ನೀರು ಪಕಾಸಿಯುದ್ದಕ್ಕೂ ಹರಿದು, ರೀಪಿಗೆ ಹೊಡೆದ ಮೊಳೆಯೊಂದರ ತುದಿ ಹೊರಚಾಚಿದ ಕಡೆ ಬಂದು, ದೇವರ ಕೋಣೆಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಯಾರು ಹತ್ತಿ ನೋಡಿದರೂ ಕಾಣುವಂಥದ್ದಲ್ಲ ಅದು. ಅವರು ಆ ಪಕಾಸಿಗೆ ಕೆಂಪು ಬಣ್ಣದ ಗುರುತು ಹಾಕಿ, ಮೇಲೆ ತಾತ್ಕಾಲಿಕವಾಗಿ ಟಾರ್ಪಾಲು ಬಿಗಿದು, "ಈಗ ಮುಟ್ಟುವುದು ಬೇಡ ರಾಯರೆ, ದೀಪಾವಳಿ ಕಳೀಲಿ, ದೋಣಿ ಒಂದನ್ನೇ ಬದಲಿಸಿದರೆ ಸಾಕು" ಎಂದು ಹೇಳಿ ಬಂದರು. ಡಿಸೆಂಬರ್‌ನಲ್ಲಿ ಕೆಲಸ ಮುಗಿದಾಗ ಆದ ಖರ್ಚು, ಮನೆಯವರು ಶೀಟಿಗೆಂದು ಎತ್ತಿಟ್ಟುಕೊಂಡ ಹಣದ ಒಂದು ಸಣ್ಣ ಪಾಲು.

ಆ ಹಿರಿಯರು ಹಣ ಉಳಿದದ್ದಕ್ಕಿಂತ ಹೆಚ್ಚಾಗಿ ನೀರಿನ ಜಾಡು ಹುಡುಕಿದ ರೀತಿಯನ್ನು ಸಿಕ್ಕಸಿಕ್ಕವರಿಗೆಲ್ಲ ವರ್ಣಿಸಿದರು. ದೊಡ್ಡ ಕೆಲಸ ಸಿಗುವ ಅವಕಾಶವಿದ್ದೂ ಸಣ್ಣ ಕೆಲಸ ಸಾಕೆಂದವರು ಎಂಬ ಸುದ್ದಿ ಅಡಿಕೆ ಸುಲಿಯುವ ಮನೆಗಳಲ್ಲಿ ಹರಡಿತು. ಆದರೆ ಈ ಪ್ರಕರಣದ ಮೊದಲ ಮುಖ್ಯ ನಿರ್ಧಾರ ಆಮೇಲಿನದು. ಗುತ್ತಿಗೆದಾರರು ಒಂದು ಮನೆಯಲ್ಲಿ ಆಕಸ್ಮಿಕವಾಗಿ ಆದದ್ದನ್ನು ಪ್ರತಿವರ್ಷದ ಕ್ರಮವನ್ನಾಗಿ ಮಾಡಿಕೊಂಡರು. ಮಳೆಗಾಲದಲ್ಲಿ ಹೇಗೂ ಕೆಲಸವಿಲ್ಲ. ಆ ತಿಂಗಳುಗಳಲ್ಲಿ ತಾವು ಹಿಂದೆ ಕೆಲಸ ಮಾಡಿದ ಮನೆಗಳಿಗೆಲ್ಲ, ಕರೆಯದಿದ್ದರೂ, ಮಳೆ ಬೀಳುವ ಹೊತ್ತಿಗೇ ಹೋಗಿ ಅಟ್ಟ ಹತ್ತಿ ನೋಡಿ ಬರತೊಡಗಿದರು. ಎಲ್ಲಾದರೂ ಸೋರಿದರೆ ಗುರುತು ಹಾಕಿ ದೀಪಾವಳಿಯ ನಂತರ ಪುಕ್ಕಟೆಯಾಗಿ ಸರಿಪಡಿಸಿದರು. ಹೋದ ಮನೆಯಲ್ಲಿ ಪಕ್ಕದ ಮನೆಯವರೂ, "ಬಂದದ್ದು ಬಂದಿರಿ, ನಮ್ಮದೂ ಒಂಚೂರು ನೋಡಿ ಮಾರಾಯ್ರೆ" ಎಂದು ಕರೆಯುವುದು ಶುರುವಾಯಿತು. ಹಾಗೆ ನೋಡಿದ ಮನೆಗಳೇ ಮುಂದಿನ ಬೇಸಿಗೆಯ ಕೆಲಸಗಳಾದವು.

ಎರಡನೆಯ ನಿರ್ಧಾರ ಹಣದ್ದು. ಸರ್ಕಾರಿ ಕಾಮಗಾರಿಗಳಲ್ಲಿ ಕೆಲಸ ಮುಗಿದ ಮೇಲೂ ದೋಷ ಹೊಣೆಗಾರಿಕೆಯ ಅವಧಿ ಎಂದಿರುತ್ತದೆ. ಅಷ್ಟು ಕಾಲ ಗುತ್ತಿಗೆದಾರರ ಹಣದ ಒಂದು ಭಾಗವನ್ನು ಇಲಾಖೆ ಹಿಡಿದಿಟ್ಟುಕೊಳ್ಳುತ್ತದೆ. ಶಿವಮೊಗ್ಗದಲ್ಲಿ ನೋಡಿದ್ದ ಈ ಪದ್ಧತಿಯನ್ನು ಅವರು ಮನೆ ಕೆಲಸಕ್ಕೆ ತಂದರು. ಒಟ್ಟು ಮೊತ್ತದ ಶೇಕಡಾ 10ರಷ್ಟನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಟ್ಟರೆ ಸಾಕು ಎಂದು ತಾವೇ ಬರೆದುಕೊಟ್ಟರು. ಅಡಿಕೆ ಮಾರಿ ಕೈಗೆ ದುಡ್ಡು ಬರುವ ಸಮಯವೂ ಅದೇ ಆದ್ದರಿಂದ ಬೆಳೆಗಾರರಿಗೆ ಇದು ಅನುಕೂಲವಾಯಿತು. ಗುತ್ತಿಗೆದಾರರಿಗೆ ಮಾತ್ರ ಮೊದಲ ವರ್ಷ ಇದು ಬಹಳ ಭಾರವಾಗಿತ್ತು: ಆಳುಗಳಿಗೆ ವಾರ ವಾರ ಸಂತೆಯ ದಿನ ಬಟವಾಡೆ ಆಗಲೇಬೇಕು. ಪತ್ನಿ ಸದಸ್ಯೆಯಾಗಿದ್ದ ಸ್ವಸಹಾಯ ಸಂಘದಿಂದಲೂ ಸೊಸೈಟಿಯಿಂದಲೂ ಸಾಲ ತೆಗೆದು ಅವರು ಆ ವರ್ಷ ದಾಟಿದರು. ಈ ಭಾರ ಹೊರಲು ಸಿದ್ಧವಿಲ್ಲದವರು ಈ ಕ್ರಮವನ್ನು ಅನುಸರಿಸಬಾರದು ಎಂಬುದು ನನ್ನ ಅಭಿಪ್ರಾಯ. ಅರ್ಧದಲ್ಲಿ ಹಣ ಕೇಳಿದರೆ ಮೊದಲೇ ಕೇಳಿದ್ದಕ್ಕಿಂತ ಕೆಟ್ಟ ಹೆಸರು ಬರುತ್ತದೆ.

ಯಾರು ಹೇಳಿದರು ಎಂಬ ಪ್ರಶ್ನೆ

ನೋಟ್‌ಬುಕ್ಕಿನ ಪ್ರತಿ ಪುಟದ ಮೇಲೆ "ಹೇಳಿದವರು" ಎಂದು ಒಂದು ಸಾಲಿದೆ. ಆ ಮನೆಗೆ ಇವರ ಹೆಸರನ್ನು ಯಾರು ಹೇಳಿದರೋ ಅವರ ಹೆಸರನ್ನು ಅಲ್ಲಿ ಬರೆದಿದ್ದಾರೆ. ಪುಟಗಳನ್ನು ತಿರುವುತ್ತ ಹೋದಾಗ ನನಗೆ ಅನಿರೀಕ್ಷಿತವಾಗಿ ಕಂಡದ್ದು ಇದು: ಊರಿನ ದೊಡ್ಡ ಜಮೀನುದಾರರು, ಪಂಚಾಯಿತಿಯವರು, ಸೊಸೈಟಿಯ ನಿರ್ದೇಶಕರು ಅಲ್ಲಿ ವಿರಳ. ಪದೇ ಪದೇ ಬರುವ ಹೆಸರುಗಳು ಸುಲಿಯುವ ಯಂತ್ರ ಹೊತ್ತು ಮನೆಯಿಂದ ಮನೆಗೆ ಹೋಗುವವರದು, ಕಾರ್ಯದ ಮನೆಗಳಿಗೆ ಅಡುಗೆಗೆ ಹೋಗುವವರದು, ಪುರೋಹಿತರದು, ವೈರಿಂಗ್ ಮಾಡುವವರದು, ದನಗಳಿಗೆ ಇಂಜೆಕ್ಷನ್ ಕೊಡಲು ಬರುವವರದು. ಇವರೆಲ್ಲ ಮನೆಯ ಒಳಗನ್ನು ನೋಡುವ ಜನ. ಅಡುಗೆ ಮನೆಯಲ್ಲಿ ಎಲ್ಲಿ ಪಾತ್ರೆ ಇಟ್ಟು ಸೋರುವ ನೀರು ಹಿಡಿಯುತ್ತಾರೆ ಎಂಬುದು ಅಡುಗೆಯವರಿಗೆ ಗೊತ್ತು, ಅಟ್ಟದಲ್ಲಿ ಯಾವ ತೊಲೆ ಟೊಳ್ಳಾಗಿದೆ ಎಂಬುದು ವೈರಿಂಗ್ ಮಾಡುವವರಿಗೆ ಗೊತ್ತು. ಅವರ ಮಾತಿಗೆ ಬೆಲೆ ಬರುವುದು ಕಣ್ಣಾರೆ ಕಂಡು ಹೇಳುತ್ತಾರೆ ಎಂಬ ಕಾರಣಕ್ಕೆ.

ಇಲ್ಲಿ ಒಂದು ಪ್ರಯೋಗ ಕೈಕೊಟ್ಟಿತು. ಕೆಲಸ ತಂದುಕೊಡುವವರಿಗೆ ಏನಾದರೂ ಕೊಡಬೇಕೆಂದು ಗುತ್ತಿಗೆದಾರರು ಒಂದು ವರ್ಷ ಕಮಿಷನ್ ಕೊಟ್ಟರು. ಕೆಲವರು ತೆಗೆದುಕೊಂಡರು, ಕೆಲವರು ಬೇಡವೆಂದರು. ಅಡುಗೆಯವರೊಬ್ಬರು ಹಣ ಪಡೆದ ವಿಷಯ ಅವರು ಹೇಳಿಕಳಿಸಿದ ಮನೆಯವರ ಕಿವಿಗೆ ಬಿತ್ತು. ಆ ಮನೆಯಲ್ಲಿ ಕೆಲಸ ಚೆನ್ನಾಗಿಯೇ ಆಗಿತ್ತು. ಆದರೂ "ಓಹೋ, ಇದಕ್ಕೆ ಹೇಳಿದ್ದು" ಎಂಬ ಮಾತು ಎದ್ದಿತು. ಅಡುಗೆಯವರು ಮುಜುಗರಕ್ಕೆ ಒಳಗಾಗಿ ಆ ಮೇಲೆ ಯಾರಿಗೂ ಇವರ ಹೆಸರು ಹೇಳುವುದನ್ನೇ ಬಿಟ್ಟರು. ಗುತ್ತಿಗೆದಾರರು ಕಮಿಷನ್ ಅನ್ನು ಪೂರ್ತಿ ನಿಲ್ಲಿಸಿದರು. ಅದರ ಜೊತೆಗೇ, ತಾವು ಹಾರ್ಡ್‌ವೇರ್ ಅಂಗಡಿಗಳಿಂದ ಪಡೆಯುತ್ತಿದ್ದುದನ್ನೂ ಬಿಟ್ಟರು. ಸಾಮಾನಿನ ಬಿಲ್ಲನ್ನು ಮನೆಯವರೇ ಅಂಗಡಿಗೆ ಕಟ್ಟುವ ಪದ್ಧತಿ ತಂದರು. ಕಮಿಷನ್ ಬದಲಿಗೆ ಅವರು ಮಾಡಿದ್ದು ಬಹಳ ಸರಳವಾದ ಕೆಲಸ. ಹೆಸರು ಹೇಳಿದವರಿಗೆ ಕೆಲಸ ಎಲ್ಲಿಗೆ ಬಂತು, ಎಂದು ಮುಗಿಯುತ್ತದೆ, ಏನಾದರೂ ತೊಂದರೆಯಾಗಿದೆಯೇ ಎಂಬುದನ್ನು ಫೋನು ಮಾಡಿ ಹೇಳುವುದು. ಮನೆಯವರು ಎದುರಾದಾಗ "ನೀವು ಹೇಳಿದವರು ಹೀಗೆ ಮಾಡಿದರು" ಎಂಬ ಮಾತನ್ನು ಅವರು ಮೊದಲ ಬಾರಿಗೆ ಕೇಳುವಂತಾಗಬಾರದು ಎಂಬುದು ಇದರ ಉದ್ದೇಶ.

ಕೇರಿಯ ಗೆರೆಯ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಬಾಯಿಮಾತು ಊರೆಲ್ಲ ಸಮನಾಗಿ ಹರಡುವುದಿಲ್ಲ. ಒಂದು ಕೇರಿಯಲ್ಲಿ ಹುಟ್ಟಿದ ಮಾತು ಮದುವೆ, ತಿಥಿ, ಮುಯ್ಯಾಳುಗಳ ಸಂಬಂಧವಿರುವ ಮನೆಗಳಲ್ಲೇ ಸುತ್ತುತ್ತದೆ. ಮೊದಲ ನಾಲ್ಕು ವರ್ಷದ ಪುಟಗಳಲ್ಲಿ ಇದು ಎದ್ದು ಕಾಣುತ್ತದೆ. ಈ ಗೆರೆಯನ್ನು ದಾಟಿಸಿದವರು ಇವರ ಆಳುಗಳು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅದಕ್ಕೆ ದೃಢೀಕರಣ ಬೇಕು. ಗುತ್ತಿಗೆದಾರರು ಹಾಜರಿ ಪುಸ್ತಕ ಇಟ್ಟು, ಪ್ರತಿಯೊಬ್ಬರಿಗೂ ಕಾರ್ಡು ಮಾಡಿಸಿಕೊಟ್ಟರು. ಬಟವಾಡೆ ಒಂದು ವಾರವೂ ತಪ್ಪಲಿಲ್ಲ. ಆಳುಗಳು ತಮ್ಮ ತಮ್ಮ ಕೇರಿಗಳಲ್ಲಿ ಇದನ್ನು ಹೇಳಿದರು, ಆಮೇಲೆ ಅಲ್ಲಿನ ಮನೆಗಳ ಕೆಲಸಗಳೂ ಬಂದವು. ಮೊತ್ತ ಸಣ್ಣದಿದ್ದರೂ ಅವುಗಳನ್ನು ಮುಂದಕ್ಕೆ ಹಾಕದೆ ಅದೇ ಸರದಿಯಲ್ಲಿ ಮಾಡಿಕೊಟ್ಟದ್ದು ಅವರ ಒಳ್ಳೆಯ ನಿರ್ಧಾರಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಕೈಮೀರಿದ ವರ್ಷ

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ನೆಂಟರಿಷ್ಟರು ಬರುತ್ತಾರೆ ಎಂದು ಆ ವರ್ಷ ಮನೆ ದುರಸ್ತಿ ಮಾಡಿಸುವವರು ಹೆಚ್ಚು. ಅಂಥ ಒಂದು ವರ್ಷ ಗುತ್ತಿಗೆದಾರರು ಯಾರಿಗೂ ಇಲ್ಲವೆನ್ನಲಾಗದೆ, ತಮ್ಮ ತಂಡದ ಕೈಲಾಗುವುದಕ್ಕಿಂತ ಹೆಚ್ಚು ಕೆಲಸ ಒಪ್ಪಿಕೊಂಡರು. ಜಾತ್ರೆಗೆ ಮೊದಲು ಮುಗಿಯಬೇಕಾದವು ಮುಗಿದವು. ಜಾತ್ರೆಯ ನಂತರ ಎಂದು ಒಪ್ಪಿಕೊಂಡವು ರಾಶಿ ಬಿದ್ದವು. ಕೆಲವನ್ನು ಹೊರಗಿನ ತಂಡವೊಂದಕ್ಕೆ ವಹಿಸಿದರು. ಆ ತಂಡದವರು ಒಂದು ಮನೆಯ ಹೆಂಚು ಇಳಿಸಿ, ಹಳೆಯ ಪಕಾಸಿ ಬಿಚ್ಚಿ, ಊರಿಗೆ ಹೋದವರು ಹೇಳಿದ ದಿನಕ್ಕೆ ಮರಳಲಿಲ್ಲ. ಮೇ ತಿಂಗಳ ಸಂಜೆಯೊಂದರಲ್ಲಿ ಗುಡುಗು ಸಹಿತ ಅಡ್ಡಮಳೆ ಸುರಿಯಿತು. ಟಾರ್ಪಾಲು ಗಾಳಿಗೆ ಕಿತ್ತುಹೋಗಿ, ಮನೆಯೊಳಗಿದ್ದ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ತೊಯ್ದವು.

ಆ ಮನೆಯವರು ಸ್ವಸಹಾಯ ಸಂಘದಿಂದ ಸಾಲ ತೆಗೆದು ಕೆಲಸ ಮಾಡಿಸುತ್ತಿದ್ದವರು. ಇವರ ಹೆಸರು ಹೇಳಿದ್ದು ಆ ಸಂಘದ ಮುಖ್ಯಸ್ಥೆ. ರಾತ್ರಿಯೇ ಸುದ್ದಿ ತಿಳಿದ ಗುತ್ತಿಗೆದಾರರು ಬೆಳಗ್ಗೆ ಮೊದಲು ಹೋದದ್ದು ಆಕೆಯ ಮನೆಗೆ. ಆಕೆ ಹೇಳಿದ್ದನ್ನು ಅವರು ಇಂದಿಗೂ ಹಾಗೆಯೇ ನೆನಪಿಸಿಕೊಳ್ಳುತ್ತಾರೆ: "ನಾಳೆ ಸಂಘದಲ್ಲಿ ನಾನು ಏನಂತ ಮುಖ ತೋರಿಸ್ಲಿ ತಮ್ಮಾ? ನನ್ನ ಮಾತು ಕೇಳಿ ಅವಳು ಸಾಲ ತೆಗೆದಿದ್ದು." ಗುತ್ತಿಗೆದಾರರು ಆಕೆಯನ್ನೂ ಕರೆದುಕೊಂಡು ಆ ಮನೆಗೆ ಹೋಗಿ, ಆಕೆಯ ಎದುರಿನಲ್ಲೇ ತಪ್ಪು ತಮ್ಮದೆಂದು ಹೇಳಿದರು. ಹೊರಗಿನ ತಂಡದ ಮೇಲೆ ಹೊರಿಸಲಿಲ್ಲ. ಚಾವಣಿ ಮುಚ್ಚಿದ್ದ, ಬರೀ ಗಾರೆ ಮತ್ತು ನೆಲದ ಕೆಲಸ ಬಾಕಿಯಿದ್ದ ಮನೆಗಳಿಂದ ತಮ್ಮ ಆಳುಗಳನ್ನು ಎಬ್ಬಿಸಿ ತಂದು, ಆ ಮನೆಯವರಿಗೆಲ್ಲ ಕಾರಣ ತಿಳಿಸಿ, ವಾರದೊಳಗೆ ಚಾವಣಿ ಮುಗಿಸಿದರು. ಹಾಳಾದ ಸಾಮಾನಿನ ಬೆಲೆ ಕಟ್ಟಿಕೊಟ್ಟರು. ಕೊನೆಯ ಶೇಕಡಾ 10 ಹಣವನ್ನು ಕೇಳಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಆದ ನಷ್ಟ ತುಂಬಿಬರಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಬರಹಗಳಲ್ಲಿ ಕ್ಷಮೆ ಕೇಳಿದ ಕೂಡಲೆ ಎಲ್ಲವೂ ಸರಿಹೋಯಿತೆಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಮುಂದಿನ ವರ್ಷ ಆ ಸಂಘದ ಸಂಪರ್ಕದಿಂದ ಒಂದು ಕೆಲಸವೂ ಬರಲಿಲ್ಲ. "ಹೇಳಿದವರು" ಸಾಲಿನಲ್ಲಿ ಆಕೆಯ ಹೆಸರು ಆ ವರ್ಷದ ಪುಟಗಳಲ್ಲಿ ಎಲ್ಲೂ ಇಲ್ಲ. ಅದರ ನಂತರದ ವರ್ಷ ಮತ್ತೆ ಕಾಣಿಸಿಕೊಂಡದ್ದು ಆಕೆಯ ಹೆಸರಲ್ಲ, ಮನೆ ತೊಯ್ದ ಹೆಣ್ಣುಮಗಳದೇ ಹೆಸರು. ಮಧ್ಯದ ಎರಡು ಮಳೆಗಾಲಗಳಲ್ಲೂ ಗುತ್ತಿಗೆದಾರರು ತಪ್ಪದೆ ಅಲ್ಲಿಗೆ ಹೋಗಿ ಅಟ್ಟ ಹತ್ತಿ ನೋಡಿ ಬಂದಿದ್ದರು. ಆಕೆ ತನ್ನ ತವರಿನ ಮನೆಗೆ ಇವರನ್ನು ಕಳಿಸಿದಳು. ಸಂಘದ ಮುಖ್ಯಸ್ಥೆ ಮತ್ತೆ ಹೆಸರು ಹೇಳಲು ಇನ್ನೊಂದು ವರ್ಷ ಹಿಡಿಯಿತು.

ಫಲಿತಾಂಶ ಮತ್ತು ಅದರಿಂದ ತಿಳಿಯುವುದು

ಆ ವರ್ಷದ ನಂತರ ಅವರು ಒಂದು ನಿಯಮ ಮಾಡಿಕೊಂಡರು: ಏಪ್ರಿಲ್ 15ರ ನಂತರ ಯಾವ ಚಾವಣಿಯನ್ನೂ ಬಿಚ್ಚುವುದಿಲ್ಲ. ಕೇಳಿಬಂದವರಿಗೆ "ಈ ವರ್ಷ ಆಗುವುದಿಲ್ಲ, ದೀಪಾವಳಿ ಕಳೆದ ಮೇಲೆ ನಿಮ್ಮದೇ ಮೊದಲು" ಎಂದು ಹೇಳಿ, ಹೆಸರು ಬರೆದುಕೊಂಡು, ಆ ಮಳೆಗಾಲದಲ್ಲಿ ಅವರ ಮನೆಗೂ ಹೋಗಿ ಸೋರುವ ಜಾಗಗಳಿಗೆ ಗುರುತು ಹಾಕಿ ಬರುತ್ತಾರೆ. ಕಾಯಲಾರದೆ ಬೇರೆಯವರ ಬಳಿ ಹೋಗುವವರು ಇದ್ದೇ ಇರುತ್ತಾರೆ, ಆದರೆ ಹೆಚ್ಚಿನವರು ಕಾಯುತ್ತಾರೆ. ನನ್ನ ದೃಷ್ಟಿಯಲ್ಲಿ ಈ ವ್ಯವಹಾರ ಗಟ್ಟಿಯಾಗಿ ನೆಲೆ ನಿಂತದ್ದು ಇಲ್ಲವೆನ್ನಲು ಕಲಿತ ಮೇಲೆ. ಒಬ್ಬರು ನಮ್ಮ ಹೆಸರು ಹೇಳುವಾಗ ಕೇರಿಯಲ್ಲಿ ತಮಗಿರುವ ಮಾನವನ್ನು ನಮ್ಮ ಪರವಾಗಿ ಜಾಮೀನು ಇಟ್ಟಿರುತ್ತಾರೆ. ಒಪ್ಪಿಕೊಳ್ಳುವ ಕೆಲಸದ ಪ್ರಮಾಣವನ್ನು ಆ ಜಾಮೀನು ಉಳಿಸಿಕೊಡುವ ಶಕ್ತಿಗೆ ತಕ್ಕಂತೆ ನಿರ್ಧರಿಸಬೇಕಾಗುತ್ತದೆ. ಎಷ್ಟು ಜನ ಕೇಳಿದರು ಎಂಬುದು ಆಮೇಲಿನ ಮಾತು.

ದರದ ವಿಷಯದಲ್ಲೂ ಬಾಯಿಮಾತು ತನ್ನದೇ ಕಟ್ಟು ಹಾಕುತ್ತದೆ. ಒಂದು ಮನೆಗೆ ಹೇಳಿದ ದರ ವಾರದೊಳಗೆ ಹತ್ತು ಮನೆಗೆ ಗೊತ್ತಾಗುತ್ತದೆ. ಆದ್ದರಿಂದ ಪ್ರತಿವರ್ಷ ದೀಪಾವಳಿಗೆ ಒಂದೇ ದರಪಟ್ಟಿ ಬರೆದು, ಸಾಹುಕಾರರಿಗೂ ಬಡವರಿಗೂ ಅದನ್ನೇ ತೋರಿಸುತ್ತಾರೆ. ಜಿಎಸ್‌ಟಿ ಬಗ್ಗೆಯೂ ಒಂದು ಮಾತು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಸಾಮಾನನ್ನು ಮನೆಯವರೇ ಕೊಳ್ಳುವುದರಿಂದ ಇವರ ವಹಿವಾಟಿನಲ್ಲಿ ಕೂಲಿ ಮತ್ತು ಮೇಲ್ವಿಚಾರಣೆಯ ಹಣ ಮಾತ್ರ ಸೇರುತ್ತದೆ. ಆ ಮಿತಿ ದಾಟಿದ ಮೇಲೆ ಲೆಕ್ಕಪರಿಶೋಧಕರ ಸಲಹೆಯಂತೆ, 50 ಲಕ್ಷದವರೆಗಿನ ವಹಿವಾಟಿಗೆ ಶೇಕಡಾ 6 ತೆರಿಗೆಯ ಸಂಯೋಜಿತ ಪದ್ಧತಿಗೆ (ಕಾಂಪೊಸಿಷನ್ ಸ್ಕೀಮ್) ಸೇರಿದರು. ಈ ಪದ್ಧತಿಯಲ್ಲಿ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಆದ್ದರಿಂದ ಅದನ್ನು ದರಪಟ್ಟಿ ಮಾಡುವಾಗಲೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಈಗ ಉಳಿದಿರುವ ತೊಡಕು ಈ ಬೆಳವಣಿಗೆಯ ಒಳಗಿನಿಂದಲೇ ಬಂದದ್ದು. ತಂಡ ಎರಡಾಗಿದೆ, ಆದರೆ ಊರವರ ನಂಬಿಕೆ ಒಬ್ಬರ ಮೇಲೇ ನಿಂತಿದೆ. ಅಟ್ಟ ಹತ್ತುವುದು ಅವರಿಗೆ ಇನ್ನೆಷ್ಟು ವರ್ಷ ಸಾಧ್ಯ ಎಂಬ ಪ್ರಶ್ನೆ ಮನೆಯಲ್ಲೂ ಎದ್ದಿದೆ. ಎರಡು ಮಳೆಗಾಲಗಳಿಂದ ಅವರು ತಮ್ಮ ಇಬ್ಬರು ಹಿರಿಯ ಮೇಸ್ತ್ರಿಗಳನ್ನು ಭೇಟಿಗೆ ಜೊತೆಗೆ ಕರೆದೊಯ್ಯುತ್ತಿದ್ದಾರೆ. ಟಾರ್ಚು ಮತ್ತು ಬಣ್ಣದ ಡಬ್ಬಿ ಮೇಸ್ತ್ರಿಯ ಕೈಯಲ್ಲಿರುತ್ತದೆ, ತಾವು ಕೆಳಗೆ ಜಗುಲಿಯಲ್ಲಿ ಮನೆಯವರ ಜೊತೆ ಕೂರುತ್ತಾರೆ. ಹೊರಡುವಾಗ ಮನೆಯವರಿಗೆ ಮೇಸ್ತ್ರಿಯ ಫೋನ್ ನಂಬರು ಬರೆಸಿ ಬರುತ್ತಾರೆ. ಹೊಸದಾಗಿ ಸೇರಿದ ಮನೆಗಳವರು ಮೇಸ್ತ್ರಿಗೇ ಫೋನು ಮಾಡತೊಡಗಿದ್ದಾರೆ. ಹಳೆಯ ಮನೆಗಳವರು ಇನ್ನೂ ಇವರನ್ನೇ ಕೇಳುತ್ತಾರೆ, ಮತ್ತು ಅಂಥ ಕರೆ ಬಂದಾಗಲೆಲ್ಲ ಅವರು ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡೇ ಹೋಗುತ್ತಿದ್ದಾರೆ.